ಕೊಳವೆಯೊಳಗಿನ ಸದ್ದು



ಮೈಸೂರಿನ ಹಳಬರಿಗೆ ಜಾವಾ ಮೋಟಾರ್ ಸೈಕಲ್ಲಿನ ಸದ್ದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಬೀದಿಯ ಆ ತುದಿಯಲ್ಲಿ ಗಾಡಿ ತಿರುಗಿತು ಅನ್ನುವಾಗಲೇ ಈ ತುದಿಯ ಮನೆಯಲ್ಲಿ ಕಾಫಿಗೆ ನೀರಿಡುತ್ತಿದ್ದರು. ಬರುತ್ತಿರುವುದು ಯಾರ ಜಾವಾ ಎಂಬುದೂ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ನಮ್ಮ ಚಿಕ್ಕಪ್ಪನ ಮಗನಿಗೆ ಮಾತ್ರ ಕಾಲೇಜು ಸೇರಿದ ವರ್ಷ ಆ ಸದ್ದು ಸಾಲದು ಅನ್ನಿಸಿತು. ಅಪ್ಪ ಊರಲ್ಲಿಲ್ಲದ ದಿನ ನೋಡಿ, ಸೈಲೆನ್ಸರಿನ ಹಿಂದಿನ ನಟ್ಟು ಬಿಚ್ಚಿ, ಒಳಗಿದ್ದ ತೂತು ತೂತಿನ ಕೊಳವೆಯನ್ನು ಎಳೆದು ತೆಗೆದ. ಕೈಯೆಲ್ಲ ಮಸಿ. ಕೊಳವೆಯನ್ನು ಹಿತ್ತಲಿನ ಸೌದೆ ಒಟ್ಟಿಲಿನ ಹಿಂದೆ ಬಚ್ಚಿಟ್ಟ. ಗಾಡಿ ಶುರು ಮಾಡಿದರೆ ಎದುರು ಮನೆಯ ನಾಯಿ ಹೊಸಿಲು ದಾಟಿ ಒಳಗೆ ಓಡಿತು.

ಸಂಜೆ ನನ್ನನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿಸಲು ಹೊರಟ. ಸದ್ದೇನೋ ಬೆಟ್ಟಕ್ಕೆ ಬಡಿದು ವಾಪಸು ಬರುವಂತಿತ್ತು. ಗಾಡಿ ಮಾತ್ರ ಏರಿನಲ್ಲಿ ಏದುಸಿರು ಬಿಡತೊಡಗಿತು. ಅರ್ಧದಲ್ಲೇ ನಾನು ಇಳಿದು ನಡೆದೆ. ಮಾರನೆಯ ದಿನ ಮೆಕ್ಯಾನಿಕ್ ಸಾಹೇಬರ ಮುಂದೆ ಗಾಡಿ ನಿಲ್ಲಿಸಿದೆವು. ಅವರು ಸೈಲೆನ್ಸರಿನೊಳಕ್ಕೆ ಒಂದು ಬೆರಳು ತೂರಿಸಿ ನೋಡಿ ನಕ್ಕುಬಿಟ್ಟರು. ‘ಸದ್ದು ಜಾಸ್ತಿ ಆಯ್ತು, ಎಳೆತ ಎಲ್ಲಿಗೋಯ್ತು? ಈ ಗಾಡೀಲಿ ಸೈಲೆನ್ಸರ್ರೂ ಎಂಜಿನ್ನೇ ಸ್ವಾಮಿ. ಹೋಗಿ ಆ ಪೈಪು ತಗೊಂಡ್ಬನ್ನಿ.’

ಆ ಮಾತಿನ ಆಳ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, 1961ರ ಮೋಟಾರ್ ಸೈಕಲ್ ವಿಶ್ವ ಚಾಂಪಿಯನ್‌ಷಿಪ್ಪಿನ ಕಥೆ ಓದಿದಾಗ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಜಾವಾ ಗಾಡಿಗಳು ಹೊರಬರತೊಡಗಿದ್ದೂ ಅದೇ ವರ್ಷ. ಆ ವರ್ಷ ಯುರೋಪಿನಲ್ಲಿ ಒಂದು ಕೊಳವೆಯೊಳಗಿನ ಸದ್ದಿನ ಗುಟ್ಟಿಗಾಗಿ ಏನೇನು ನಡೆಯಿತು ಎಂಬುದನ್ನು ಇವತ್ತು ಹೇಳುತ್ತೇನೆ.

ಮೊದಲು ರೇಸಿನ ಏರ್ಪಾಡು ಹೇಗಿತ್ತು ನೋಡಿ. ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದು 1949ರಲ್ಲಿ. 1961ರ ಋತುವಿನಲ್ಲಿ ಹನ್ನೊಂದು ಊರುಗಳಲ್ಲಿ ರೇಸು. ಏಪ್ರಿಲ್‌ನಲ್ಲಿ ಸ್ಪೇನಿನ ಬಾರ್ಸಿಲೋನಾ, ಅಲ್ಲಿಂದ ಪಶ್ಚಿಮ ಜರ್ಮನಿ, ಫ್ರಾನ್ಸ್, ಐಲ್ ಆಫ್ ಮ್ಯಾನ್, ಹಾಲೆಂಡ್, ಬೆಲ್ಜಿಯಂ, ಪೂರ್ವ ಜರ್ಮನಿ, ಉತ್ತರ ಐರ್ಲೆಂಡ್, ಇಟಲಿ, ಸ್ವೀಡನ್, ಕೊನೆಗೆ ಅಕ್ಟೋಬರ್‌ನಲ್ಲಿ ಅರ್ಜೆಂಟೀನಾ. 125, 250, 350, 500 ಸಿಸಿ ಎಂದು ತರಗತಿಗಳು, ಪಕ್ಕಗಾಡಿಯವರದು ಬೇರೆ. ಗೆದ್ದವನಿಗೆ 8 ಅಂಕ, ಎರಡನೆಯವನಿಗೆ 6, ಆಮೇಲೆ 4, 3, 2, 1. ಹನ್ನೊಂದು ರೇಸಿದ್ದರೆ ಅದರಲ್ಲಿ ಚೆನ್ನಾಗಿ ಬಂದ ಆರು ಮಾತ್ರ ಲೆಕ್ಕಕ್ಕೆ. ಸವಾರರಲ್ಲಿ ಬಹುಪಾಲು ಮಂದಿ ವ್ಯಾನಿನ ಹಿಂದೆ ಗಾಡಿ ಹೇರಿಕೊಂಡು, ಅದರಲ್ಲೇ ಮಲಗಿ ಎದ್ದು, ದೇಶದಿಂದ ದೇಶಕ್ಕೆ ಹೋಗುವ ಜಾತ್ರೆ ವ್ಯಾಪಾರಿಗಳ ಹಾಗೆ ಬದುಕುತ್ತಿದ್ದವರು.

ಬೀದಿ ರೇಸು ಎಂದರೆ ಆಗ ನಿಜಕ್ಕೂ ಬೀದಿಯೇ. ಬಾರ್ಸಿಲೋನಾದಲ್ಲಿ ಮಾಂಟ್‌ಜುಯಿಕ್ ಎಂಬ ಗುಡ್ಡದ ಉದ್ಯಾನದ ರಸ್ತೆಗಳು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಒಂದು ಸುತ್ತಿಗೆ ಅರವತ್ತು ಕಿಲೋಮೀಟರು: ಊರೊಳಗೆ ಹಾದು, ಕಲ್ಲಿನ ಬೇಲಿಗಳ ನಡುವೆ ನುಗ್ಗಿ, ಬೆಟ್ಟ ಹತ್ತಿ ಮಂಜಿನೊಳಗೆ ಇಳಿಯುವ ರಸ್ತೆ. ಗಾಡಿ ತಪ್ಪಿದರೆ ಎದುರಿಗೆ ಯಾರದೋ ಮನೆಯ ಗೋಡೆ. ಇಂದಿನಂತೆ ಜಲ್ಲಿ ತುಂಬಿದ ಮೈದಾನಗಳೂ ಇಲ್ಲ, ಗಾಳಿ ತುಂಬಿದ ದಿಂಬುಗಳೂ ಇಲ್ಲ. ತಲೆಗೆ ಬೋಗುಣಿಯಂಥ ಹೆಲ್ಮೆಟ್ಟು, ಮೈಗೆ ಚರ್ಮದ ಅಂಗಿ, ಅಷ್ಟೆ.

ಆ ವರ್ಷದ ದೊಡ್ಡ ಸುದ್ದಿ ಜಪಾನಿನವರು. ಸೊಯಿಚಿರೊ ಹೊಂಡಾ ತಮ್ಮ ಗಾಡಿಗಳು ಐಲ್ ಆಫ್ ಮ್ಯಾನ್‌ನಲ್ಲಿ ಗೆಲ್ಲಬೇಕು ಎಂದು 1954ರಲ್ಲೇ ಕಾರ್ಖಾನೆಯವರ ಮುಂದೆ ಘೋಷಿಸಿದ್ದರು. ಆ ಗಾಡಿಗಳು ಮೊದಲ ಸಲ ಅಲ್ಲಿ ಓಡಿದ್ದು 1959ರಲ್ಲಿ. 1961ರ ಏಪ್ರಿಲ್ 23ರಂದು ಬಾರ್ಸಿಲೋನಾದಲ್ಲಿ ಟಾಮ್ ಫಿಲಿಸ್ ಎಂಬ ಆಸ್ಟ್ರೇಲಿಯಾದ ಸವಾರ 125 ಸಿಸಿ ರೇಸು ಗೆದ್ದ. ಅದು ಹೊಂಡಾಗೆ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಗೆಲುವು. ಮೂರು ವಾರದ ಮೇಲೆ ಹಾಕನ್‌ಹೈಮ್‌ನಲ್ಲಿ ಕುನಿಮಿತ್ಸು ತಕಹಾಶಿ 250 ಸಿಸಿಯಲ್ಲಿ ಗೆದ್ದು, ಇಂಥ ರೇಸು ಗೆದ್ದ ಮೊದಲ ಜಪಾನಿ ಎನಿಸಿಕೊಂಡ. ಜೂನ್‌ನಲ್ಲಿ ಐಲ್ ಆಫ್ ಮ್ಯಾನ್‌ನಲ್ಲಂತೂ 125ರಲ್ಲೂ 250ರಲ್ಲೂ ಮೊದಲ ಐದೈದು ಸ್ಥಾನ ಹೊಂಡಾದವೇ. ಎರಡು ವರ್ಷದ ಹಿಂದೆ ಈ ಪುಟ್ಟ ಗಾಡಿಗಳನ್ನು ನೋಡಿ ಮುಸಿಮುಸಿ ನಕ್ಕವರು ಈಗ ಮಾತಿಲ್ಲದೆ ನಿಂತು ಅದರ ಎಂಜಿನ್ನನ್ನು ನೋಡತೊಡಗಿದರು.

ಆ ವಾರದ ನಾಯಕ ಮೈಕ್ ಹೇಲ್‌ವುಡ್, ಇಪ್ಪತ್ತೊಂದು ವರ್ಷದ ಇಂಗ್ಲಿಷ್ ಹುಡುಗ. 125 ಮತ್ತು 250ನ್ನು ಹೊಂಡಾದಲ್ಲಿ ಗೆದ್ದ, 500ನ್ನು ಒಂಟಿ ಸಿಲಿಂಡರಿನ ನಾರ್ಟನ್‌ನಲ್ಲಿ ಗೆದ್ದ. ಒಂದೇ ವಾರದಲ್ಲಿ ಅಲ್ಲಿ ಮೂರು ರೇಸು ಗೆದ್ದವರು ಅದುವರೆಗೆ ಯಾರೂ ಇರಲಿಲ್ಲ. ನಾಲ್ಕನೆಯದೂ ಅವನದೇ ಆಗುವುದರಲ್ಲಿತ್ತು. 350ರ ಕೊನೆಯ ಸುತ್ತಿನಲ್ಲಿ ಮುಂದಿದ್ದಾಗ ಎಜೆಎಸ್ ಗಾಡಿಯ ಪಿಸ್ಟನ್ ಪಿನ್ನು ಮುರಿಯಿತು. ಬೆರಳಿನಷ್ಟು ಉದ್ದದ ಉಕ್ಕಿನ ತುಂಡು ಅದು. 250ರ ವಿಶ್ವ ಪ್ರಶಸ್ತಿ ಆ ವರ್ಷ ಹೇಲ್‌ವುಡ್‌ಗೆ ಹೋಯಿತು. 350 ಮತ್ತು 500 ಎರಡೂ ರೊಡೇಷಿಯಾದ ಗ್ಯಾರಿ ಹಾಕಿಂಗ್‌ಗೆ, ಇಟಲಿಯ ಎಂವಿ ಅಗುಸ್ಟಾ ಗಾಡಿಗಳ ಮೇಲೆ. ಹಾಕಿಂಗ್‌ನ ಬೆನ್ನಿಗೆ 350ರಲ್ಲಿ ಎರಡನೆಯವನಾಗಿ ಬಂದ ಫ್ರಾಂಟಿಶೆಕ್ ಶ್ಚಾಸ್ಟ್ನಿ ಓಡಿಸಿದ್ದು ಜಾವಾ! ಮೈಸೂರಿನವರು ಬೀಗುವ ಮುನ್ನ ಹೇಳಿಬಿಡುತ್ತೇನೆ, ಅದು ಚೆಕ್ ಕಾರ್ಖಾನೆ ರೇಸಿಗೆಂದೇ ಕಟ್ಟಿದ ಫೋರ್ ಸ್ಟ್ರೋಕ್ ಗಾಡಿ. ನಮ್ಮ ಬೀದಿಯ ಜಾವಾಕ್ಕೂ ಅದಕ್ಕೂ ಹೆಸರೊಂದೇ ಸಂಬಂಧ.

ನಮ್ಮ ಜಾವಾದ ನಿಜವಾದ ದಾಯಾದಿಯನ್ನು ಹುಡುಕಬೇಕಾದರೆ 125 ಸಿಸಿ ತರಗತಿಗೆ ಹೋಗಬೇಕು. ಅಲ್ಲಿ ಹೊಂಡಾಗಳಿಗೆ ಎದುರಾಗಿ ನಿಂತದ್ದು ಎಂಝಡ್ ಎಂಬ ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಯುವ, ಹಿಂದೆ ನೀಲಿ ಹೊಗೆ ಬಿಡುವ ಜಾತಿ. ಅದನ್ನು ಕಟ್ಟುತ್ತಿದ್ದದ್ದು ಪೂರ್ವ ಜರ್ಮನಿಯ ಚೋಪಾವ್ ಎಂಬ ಸಣ್ಣ ಊರಿನಲ್ಲಿ, ಒಳ್ಳೆಯ ಬೇರಿಂಗಿಗೂ ಪರದಾಡುತ್ತಿದ್ದ ಸರ್ಕಾರಿ ಕಾರ್ಖಾನೆಯಲ್ಲಿ. ರೇಸು ವಿಭಾಗದ ಮುಖ್ಯಸ್ಥ ವಾಲ್ಟರ್ ಕಾಡೆನ್. ಯುದ್ಧಕಾಲದಲ್ಲಿ ಜರ್ಮನಿಯ ಅಸ್ತ್ರಗಳ ಕೆಲಸದಲ್ಲಿದ್ದವನು, ಯುದ್ಧ ಮುಗಿದ ಮೇಲೆ ಸ್ವಲ್ಪ ಕಾಲ ಮನೆ ಮಾಡಿನ ಮರದ ತೊಲೆ ಕಟ್ಟಿ ಬದುಕಿದವನು, 1953ರಿಂದ ಈ ಕೆಲಸಕ್ಕೆ ಬಂದವನು.

ಕಾಡೆನ್ ಮಾಡಿದ್ದೇನು ಎಂದು ತಿಳಿಯಲು ಒಂದು ಮದುವೆ ಮನೆ ನೆನಪಿಸಿಕೊಳ್ಳಿ. ಊಟದ ಹಾಲಿಗೆ ಎರಡು ಬಾಗಿಲು. ಉಂಡ ಪಂಕ್ತಿ ಹಿಂದಿನ ಬಾಗಿಲಲ್ಲಿ ಹೊರಗೆ ಹೋಗಬೇಕು, ಹೊಸ ಪಂಕ್ತಿ ಮುಂದಿನ ಬಾಗಿಲಲ್ಲಿ ಒಳಗೆ ಬರಬೇಕು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಪಂಕ್ತಿ ಪೂರ್ತಿ ಎದ್ದು ಹೋಗಿ, ಎಲೆ ಎತ್ತಿ, ಆಮೇಲೆ ಇನ್ನೊಂದು ಪಂಕ್ತಿ. ಟೂ ಸ್ಟ್ರೋಕ್‌ನಲ್ಲಿ ಅಷ್ಟು ಪುರಸೊತ್ತಿಲ್ಲ. ಎರಡೂ ಬಾಗಿಲು ಒಟ್ಟಿಗೇ ತೆರೆದಿರುತ್ತವೆ. ಉಂಡವರ ನೂಕುನುಗ್ಗಲಿನಲ್ಲಿ ಉಣ್ಣದವರೂ ಕೆಲವರು ಹಿಂದಿನ ಬಾಗಿಲಿನಿಂದ ಬೀದಿಗೆ ಬಿದ್ದುಬಿಡುತ್ತಾರೆ. ಸುಡದ ಪೆಟ್ರೋಲು ಹೊಗೆಯ ಜೊತೆ ಹೊರಟುಹೋಗುತ್ತದೆ. ಟೂ ಸ್ಟ್ರೋಕ್ ಎಂದರೆ ಪೋಲು, ಬೀದಿ ಗಾಡಿಗೆ ಸರಿ, ರೇಸಿಗಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದು ಇದಕ್ಕೇ.

ಹಿಂದಿನ ಬಾಗಿಲಲ್ಲಿ ಒಬ್ಬ ಗಟ್ಟಿಗ ಮಾವನನ್ನು ನಿಲ್ಲಿಸಿದರೆ? ಮೊದಲು ಉಂಡವರ ಕೈ ಹಿಡಿದು ಹೊರಗೆ ಎಳೆಯುತ್ತಾನೆ. ಮರುಗಳಿಗೆ, ತಪ್ಪಿ ಹೊರಬಂದ ಉಣ್ಣದವರನ್ನು ‘ನಡೀರಿ ಒಳಗೆ’ ಎಂದು ತಿರುಗಿ ದಬ್ಬಿ ಬಾಗಿಲು ಹಾಕುತ್ತಾನೆ. ಕಾಡೆನ್ ಆ ಕೆಲಸಕ್ಕೆ ಸದ್ದನ್ನೇ ನಿಲ್ಲಿಸಿದ. ಸ್ಫೋಟದ ಅಲೆ ಹೊಗೆ ಕೊಳವೆಯಲ್ಲಿ ಓಡುತ್ತದಲ್ಲ, ಕೊಳವೆ ಗಂಟೆಯ ಬಾಯಿಯಂತೆ ಅಗಲವಾಗುತ್ತ ಹೋದರೆ ಅಲ್ಲಿಂದ ಹಿಂದಕ್ಕೆ ಒಂದು ಸೆಳೆತ ಹುಟ್ಟುತ್ತದೆ; ಅದು ಸಿಲಿಂಡರಿನ ಹೊಗೆಯನ್ನು ಹೊರಗೆಳೆಯುತ್ತದೆ. ಮುಂದೆ ಕೊಳವೆ ಮತ್ತೆ ಕಿರಿದಾದರೆ ಅಲೆ ಅಲ್ಲಿ ಬಡಿದು ವಾಪಸು ನುಗ್ಗುತ್ತದೆ. ಹೊರಬಿದ್ದ ಹೊಸ ಅನಿಲವನ್ನು ಪಿಸ್ಟನ್ ಬಾಗಿಲು ಮುಚ್ಚುವ ಮುನ್ನವೇ ಒಳಗೆ ತಳ್ಳುತ್ತದೆ. ಕೊಳವೆಯ ಉದ್ದ ಒಂದೆರಡು ಅಂಗುಲ ತಪ್ಪಿದರೆ ಮಾವ ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬರುತ್ತಾನೆ, ಎಲ್ಲ ಕೆಟ್ಟಿತು. ಈ ಹೊಟ್ಟೆಯುಬ್ಬಿದ ಕೊಳವೆಯ ಕಲ್ಪನೆ ಕಾಡೆನ್‌ಗಿಂತ ಮೊದಲೂ ಜರ್ಮನಿಯಲ್ಲಿ ಇತ್ತು. ಆತ ಅಲೆಯ ಗೆರೆಯನ್ನು ಉಪಕರಣದ ಪರದೆಯ ಮೇಲೆ ಮೂಡಿಸಿ, ನೋಡಿ, ಕತ್ತರಿಸಿ, ಬೆಸೆದು, ಮತ್ತೆ ಕತ್ತರಿಸಿ, ಅದನ್ನು ಒಂದು ಶಾಸ್ತ್ರ ಮಾಡಿದ. ಜೊತೆಗೆ ಪೆಟ್ರೋಲು ಒಳಬರುವ ಕಡೆ ತಿರುಗುವ ತೆಳು ತಟ್ಟೆಯ ಕವಾಟ.

1961ಕ್ಕೆ ಆ 125 ಸಿಸಿ ಎಂಜಿನ್ನು ನಿಮಿಷಕ್ಕೆ 10,800 ಸುತ್ತಿನಲ್ಲಿ 25 ಅಶ್ವಶಕ್ತಿ ಕೊಡುತ್ತಿತ್ತು. ಅಂದರೆ ಕೊಳವೆಯಲ್ಲಿ ಆ ಎಳೆತವೂ ತಳ್ಳಾಟವೂ ಸೆಕೆಂಡಿಗೆ 180 ಸಲ. ಲೀಟರಿನ ಲೆಕ್ಕ ಹಿಡಿದರೆ 200 ಅಶ್ವಶಕ್ತಿ. ಹೊರಗಿನಿಂದ ಗಾಳಿ ಊದಿಸಿಕೊಳ್ಳದ ಯಾವ ಎಂಜಿನ್ನೂ ಅದುವರೆಗೆ ಆ ಗೆರೆ ಮುಟ್ಟಿರಲಿಲ್ಲ. ಕವಾಟಗಳು, ಹಲ್ಲುಚಕ್ರಗಳು, ಗಡಿಯಾರದಂಥ ಕುಸುರಿ ಎಲ್ಲ ತುಂಬಿದ ಹೊಂಡಾ ಎಂಜಿನ್ನುಗಳ ಎದುರು ಒಂದು ತಗಡಿನ ಕೊಳವೆ ಸಮನಾಗಿ ನಿಂತಿತು. ನನಗೆ ಈ ಭಾಗವೇ ಎಲ್ಲಕ್ಕಿಂತ ಇಷ್ಟ. ಆದರೆ ಕಥೆ ಇಲ್ಲಿಂದ ಕೊಳವೆ ಬಿಟ್ಟು ಮನುಷ್ಯನ ಕಡೆ ತಿರುಗುತ್ತದೆ.

ಆ ಗಾಡಿಯ ಮುಖ್ಯ ಸವಾರ ಅರ್ನ್‌ಸ್ಟ್ ಡೆಗ್ನರ್. ಬರೀ ಸವಾರನಲ್ಲ, ಎಂಜಿನ್ನು ಬಲ್ಲವನು; ಕಾಡೆನ್ ಪಕ್ಕದಲ್ಲೇ ಕೆಲಸ ಮಾಡಿ ಎಲ್ಲವನ್ನೂ ಕಣ್ಣಾರೆ ಕಂಡವನು. ಆ ಋತುವಿನಲ್ಲಿ ಹಾಕನ್‌ಹೈಮ್ ಗೆದ್ದ. ಜುಲೈ ಕೊನೆಗೆ ತವರಿನ ಸಾಕ್ಸೆನ್‌ರಿಂಗ್‌ನಲ್ಲಿ, ಕಣ್ಣು ಹಾಯುವಷ್ಟೂ ದೂರ ತುಂಬಿದ ಜನದ ಮುಂದೆ ಗೆದ್ದ. ಆಗಸ್ಟ್ 12, ಶನಿವಾರ, ಉತ್ತರ ಐರ್ಲೆಂಡಿನಲ್ಲಿ ಎರಡನೆಯವನಾಗಿ ಬಂದ. ಅದೇ ರಾತ್ರಿ ಅವನ ದೇಶದ ಸರ್ಕಾರ ಬರ್ಲಿನ್ ನಗರದ ನಡುವೆ ಮುಳ್ಳುತಂತಿ ಬಿಡಿಸತೊಡಗಿತು. ಭಾನುವಾರ ಬೆಳಗಾಗುವ ಹೊತ್ತಿಗೆ ಗಡಿ ಮುಚ್ಚಿತ್ತು. ಆಮೇಲೆ ಅದು ಗೋಡೆಯಾದದ್ದು ನಿಮಗೆ ಗೊತ್ತಿದೆ. ರೇಸಿಗೆಂದು ಹೊರಗೆ ಬಂದ ಸವಾರ ಹೊರಗೇ ಇದ್ದಾನೆ. ಹೆಂಡತಿ, ಎರಡು ಮಕ್ಕಳು ಒಳಗೆ.

ಡೆಗ್ನರ್ ವಾಪಸು ಹೋದ. ಹೋಗುವ ಮುನ್ನವೇ ಒಂದು ಒಳಮಾತು ನಡೆದಿತ್ತು. ಹೊಂಡಾ ಗೆಲ್ಲುತ್ತಿದ್ದಾಗ ಜಪಾನಿನ ಇನ್ನೊಂದು ಕಂಪನಿ ಸುಜುಕಿ ಅದೇ ರೇಸುಗಳಲ್ಲಿ ಹಿಂದೆ ಬಿದ್ದು ಒದ್ದಾಡುತ್ತಿತ್ತು. ಅವರದೂ ಟೂ ಸ್ಟ್ರೋಕ್ ಗಾಡಿಗಳು. ಅವರಿಗೆ ಬೇಕಿದ್ದುದು ಕಾಡೆನ್‌ನ ಗುಟ್ಟು. ಡೆಗ್ನರ್‌ಗೆ ಬೇಕಿದ್ದುದು ಸಂಸಾರ ಸಮೇತ ಆಚೆ ದಾಟುವ ದಾರಿ, ದಾಟಿದ ಮೇಲೆ ಕೈಗೆ ಒಂದು ಕೆಲಸ.

ಸೆಪ್ಟೆಂಬರ್ 3ರಂದು ಇಟಲಿಯ ಮೊನ್ಜಾದಲ್ಲೂ ಡೆಗ್ನರ್ ಗೆದ್ದ. 125ರ ಪಟ್ಟಿಯಲ್ಲಿ ಈಗ ಅವನೇ ಮೇಲೆ, ಫಿಲಿಸ್ ಕೆಳಗೆ. ಉಳಿದದ್ದು ಎರಡೇ ರೇಸು, ಸ್ವೀಡನ್ ಮತ್ತು ಅರ್ಜೆಂಟೀನಾ. ಪೂರ್ವ ಜರ್ಮನಿಯ ಆ ಪುಟ್ಟ ಕಾರ್ಖಾನೆಗೆ ವಿಶ್ವ ಪ್ರಶಸ್ತಿ ಕೈಗೆಟಕುವಷ್ಟು ಹತ್ತಿರ ಬಂದಿತ್ತು. ಸೆಪ್ಟೆಂಬರ್ ಮಧ್ಯದಲ್ಲಿ ಸ್ವೀಡನ್ನಿನ ಕ್ರಿಸ್ಟಿಯನ್‌ಸ್ಟಾಡ್‌ನಲ್ಲಿ ರೇಸು. ಶುರುವಾಗಿ ಸ್ವಲ್ಪ ಹೊತ್ತಿಗೇ ಡೆಗ್ನರ್‌ನ ಎಂಜಿನ್ನು ಕೈಕೊಟ್ಟಿತು.

ಅದೇ ವಾರಾಂತ್ಯದಲ್ಲಿ ಪೂರ್ವ ಜರ್ಮನಿಯ ಗಡಿಯಲ್ಲಿ ಒಂದು ಕಾರು ಪಶ್ಚಿಮಕ್ಕೆ ದಾಟಿತು. ಅದರ ಡಿಕ್ಕಿಯಲ್ಲಿ ಮಾಡಿದ ಮರೆಯೊಳಗೆ ಡೆಗ್ನರ್‌ನ ಹೆಂಡತಿ ಮಕ್ಕಳನ್ನು ಅವುಚಿಕೊಂಡು ಮಲಗಿದ್ದಳು. ಗಡಿಯಲ್ಲಿ ಅತ್ತುಬಿಟ್ಟರೆ ಎಂದು ಮಕ್ಕಳಿಗೆ ನಿದ್ದೆ ಔಷಧಿ ಕೊಟ್ಟಿದ್ದರು. ಕಾವಲಿನವನ ಬೂಟಿನ ಸಪ್ಪಳ ತಗಡಿನ ಆಚೆ ಕೇಳುತ್ತಿರುವಾಗ, ಮಲಗಿಸಿದ ಮಗು ತುಸು ಕದಲಿದರೂ ತಾಯಿಯ ಜೀವ ಏನಾಗಿರಬೇಕು? ಈ ಕಥೆಯಲ್ಲಿ ಸವಾರರ ಧೈರ್ಯದ ಮಾತು ಬಹಳ ಬರುತ್ತದೆ. ಆ ಡಿಕ್ಕಿಯ ಕತ್ತಲೆಯ ಮುಂದೆ ಐಲ್ ಆಫ್ ಮ್ಯಾನ್‌ನ ತಿರುವುಗಳು ನನಗೆ ದೊಡ್ಡವಾಗಿ ಕಾಣುವುದಿಲ್ಲ. ಇತ್ತ ಡೆಗ್ನರ್ ತಂಡದವರ ಕಣ್ಣು ತಪ್ಪಿಸಿ, ಸ್ವೀಡನ್ನಿನಿಂದ ಡೆನ್ಮಾರ್ಕಿಗೆ ದಾಟಿ, ಅಲ್ಲಿಂದ ಪಶ್ಚಿಮ ಜರ್ಮನಿಯಲ್ಲಿ ಅವರನ್ನು ಕೂಡಿಕೊಂಡ.

ಎಂಜಿನ್ನನ್ನು ಬೇಕೆಂದೇ ಕೆಡಿಸಿದ ಎಂದು ಪೂರ್ವ ಜರ್ಮನಿಯವರು ಆರೋಪ ಹೊರಿಸಿದರು. ಪ್ರಶಸ್ತಿಯ ಬಾಗಿಲಲ್ಲಿ ನಿಂತ ಸವಾರ ಹಾಗೆ ಮಾಡುತ್ತಾನೆಯೇ ಎಂದು ನನಗೆ ಸಂಶಯ. ಓಡಿಹೋಗುವವನಿಗೂ ಗೆದ್ದು ಓಡಿಹೋಗುವುದೇ ಮೇಲಲ್ಲವೇ? ಅರ್ಜೆಂಟೀನಾದ ಕೊನೆಯ ರೇಸಿಗೆ ಅವನ ಹತ್ತಿರ ಹಳೆಯ ಲೈಸೆನ್ಸೂ ಇಲ್ಲ, ಹಳೆಯ ಗಾಡಿಯೂ ಇಲ್ಲ. ಅಕ್ಟೋಬರ್ 15ರಂದು ಬ್ಯೂನಸ್ ಐರಿಸ್‌ನಲ್ಲಿ ಅವನಿಲ್ಲದ ರೇಸನ್ನು ಫಿಲಿಸ್ ಗೆದ್ದ. ಫಿಲಿಸ್ 44, ಡೆಗ್ನರ್ 42. ಹೊಂಡಾಗೆ 125ರ ಮೊದಲ ವಿಶ್ವ ಪ್ರಶಸ್ತಿ.

ಫಿಲಿಸ್ ಒಳ್ಳೆಯ ಸವಾರ. ನಾಲ್ಕು ರೇಸು ಗೆದ್ದು ಬಂದ ಪ್ರಶಸ್ತಿ ಅದು, ಪುಕ್ಕಟೆಯದಲ್ಲ. ಅದನ್ನು ಅನುಭವಿಸುವ ಕಾಲ ಅವನಿಗೆ ಸಿಗಲಿಲ್ಲ. ಮುಂದಿನ ಜೂನ್‌ನಲ್ಲಿ ಐಲ್ ಆಫ್ ಮ್ಯಾನ್‌ನ 350 ಸಿಸಿ ರೇಸಿನಲ್ಲಿ ಬಿದ್ದು ಸತ್ತ. ಸ್ನೇಹಿತನ ಸಾವು ನೋಡಿದ ಹಾಕಿಂಗ್ ಮೋಟಾರ್ ಸೈಕಲ್ ರೇಸನ್ನೇ ಬಿಟ್ಟ. ಬಿಟ್ಟು ಕಾರು ರೇಸಿಗೆ ಹೋದ. ಅದೇ 1962ರ ಡಿಸೆಂಬರ್‌ನಲ್ಲಿ ಡರ್ಬನ್‌ನಲ್ಲಿ ಅಭ್ಯಾಸದ ವೇಳೆ ಅವನೂ ಹೋದ. 1961ರ ಮೂರು ಪ್ರಶಸ್ತಿಗಳ ಒಡೆಯರಿಬ್ಬರೂ ಮುಂದಿನ ವರ್ಷ ಮುಗಿಯುವುದರೊಳಗೆ ಇರಲಿಲ್ಲ.

ಡೆಗ್ನರ್ ಜಪಾನಿನ ಹಮಾಮತ್ಸುವಿಗೆ ಹೋಗಿ ಚಳಿಗಾಲವೆಲ್ಲ ಸುಜುಕಿಯವರ ಕಾರ್ಖಾನೆಯಲ್ಲಿ ಕೂತ. 1962ರಲ್ಲಿ ಹೊಸದಾಗಿ 50 ಸಿಸಿ ತರಗತಿ ಶುರುವಾಗಿತ್ತು. ಅದರ ವಿಶ್ವ ಪ್ರಶಸ್ತಿ ಡೆಗ್ನರ್‌ಗೆ, ಸುಜುಕಿ ಗಾಡಿಯ ಮೇಲೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಸಿಕ್ಕ ಮೊದಲ ವಿಶ್ವ ಪ್ರಶಸ್ತಿ ಅದು. ಆಮೇಲೆ ಜಪಾನಿನ ಟೂ ಸ್ಟ್ರೋಕ್‌ಗಳು ಒಂದೊಂದೇ ಮೆಟ್ಟಿಲು ಹತ್ತಿ, 1975ರಲ್ಲಿ ಯಮಹಾದ ಮೇಲೆ ಕೂತ ಅಗೊಸ್ಟಿನಿ ಎಂಬ ಸವಾರನ ಕೈಯಲ್ಲಿ 500 ಸಿಸಿಯನ್ನೂ ಹಿಡಿದವು. 2001ರವರೆಗೆ ಬಿಟ್ಟುಕೊಡಲಿಲ್ಲ. ಆ ಗಾಡಿಗಳೆಲ್ಲದರ ಹೊಟ್ಟೆಯ ಕೆಳಗೆ ಕಾಡೆನ್‌ನ ಕೊಳವೆ ಸುತ್ತಿಕೊಂಡಿತ್ತು.

ಹಾಗಾದರೆ ಡೆಗ್ನರ್ ಕಳ್ಳನೇ? ಕೇಳಿದವರು ಅನೇಕರು. ತನ್ನ ತಲೆಯಲ್ಲಿದ್ದುದನ್ನು ಹೊತ್ತುಕೊಂಡು ಹೋದವನನ್ನು ಕಳ್ಳ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೆಂಡತಿ ಮಕ್ಕಳನ್ನು ಡಿಕ್ಕಿಯಲ್ಲಿ ಮಲಗಿಸಿ ಕರೆಸಿಕೊಳ್ಳಬೇಕಾದ ದೇಶದಿಂದ ಹೊರಟವನನ್ನಂತೂ ಅಲ್ಲ. ಆದರೆ ಆ ತಲೆಗೆ ಅದನ್ನು ತುಂಬಿದ ಇನ್ನೊಬ್ಬ ಚೋಪಾವ್‌ನಲ್ಲಿ ಉಳಿದಿದ್ದನಲ್ಲ. ಲೆಕ್ಕ ಹಾಕುವಾಗ ಆ ಅಂಕಣ ಖಾಲಿ ಬಿಡಲಾಗುವುದಿಲ್ಲ. ಕಾಡೆನ್ ಎಲ್ಲಿಗೂ ಹೋಗಲಿಲ್ಲ. ಅದೇ ಊರಿನಲ್ಲಿ ಅದೇ ಕೊಳವೆಗಳನ್ನು ಬೆಸೆಯುತ್ತ ಮುಂದುವರಿದ. 1963ರಲ್ಲಿ ಹೇಲ್‌ವುಡ್ ಸಾಕ್ಸೆನ್‌ರಿಂಗ್‌ಗೆ ಬಂದು ಎಂಝಡ್ ಹತ್ತಿ 250 ಸಿಸಿ ರೇಸು ಗೆದ್ದುಕೊಟ್ಟ. ಬಿಡಿ ಗೆಲುವುಗಳು ಹೀಗೆ ಬಂದವು. ವಿಶ್ವ ಪ್ರಶಸ್ತಿ ಮಾತ್ರ ಆ ಕಾರ್ಖಾನೆಗೆ ಕೊನೆಗೂ ಬರಲಿಲ್ಲ. 1961ರ ಆ ಎರಡು ಅಂಕಕ್ಕಿಂತ ಹತ್ತಿರ ಅದು ಮತ್ತೆಂದೂ ಹೋಗಲಿಲ್ಲ. ಕಾಡೆನ್ ತೀರಿಕೊಂಡದ್ದು 1996ರಲ್ಲಿ, ಬರ್ಲಿನ್ ಗೋಡೆ ಬಿದ್ದು ಆರು ವರ್ಷ ದಾಟಿದ ಮೇಲೆ.

ಡೆಗ್ನರ್‌ನ ಬದುಕೂ ಸುಖದ್ದಾಗಲಿಲ್ಲ. 1963ರಲ್ಲಿ ಜಪಾನಿನ ಸುಜುಕಾದಲ್ಲಿ ಗಾಡಿ ಬಿದ್ದು ಬೆಂಕಿ ಹತ್ತಿಕೊಂಡಿತು. ಸುಟ್ಟ ಮೈಗೆ ಹತ್ತಾರು ಸಲ ಚರ್ಮ ಕಸಿ ಮಾಡಿದರು. ಮೂರು ವರ್ಷದ ಮೇಲೆ ರೇಸು ಬಿಟ್ಟ. 1983ರಲ್ಲಿ ಟೆನೆರಿಫ್ ದ್ವೀಪದಲ್ಲಿ ತೀರಿಕೊಂಡ. ಸುಜುಕಾದಲ್ಲಿ ಅವನು ಅದಕ್ಕೂ ಹಿಂದಿನ ವರ್ಷ ಒಂದು ತಿರುವಿನಲ್ಲಿ ಬಿದ್ದಿದ್ದ. ಆ ತಿರುವಿಗೆ ಅವನ ಹೆಸರೇ ಉಳಿದಿದೆ. ಇವತ್ತಿಗೂ ಅಲ್ಲಿ ಫಾರ್ಮುಲಾ ಒನ್ ಕಾರು ರೇಸು ನಡೆಯುವಾಗ ವಿವರಣೆಕಾರರು ಒಂದೊಂದು ಸುತ್ತಿಗೂ ‘ಡೆಗ್ನರ್’ ಎನ್ನುತ್ತಾರೆ.

ನಮ್ಮ ಕಡೆಯ ಕೊಳವೆಯ ಕಥೆ ಹೇಳುವುದು ಬಿಟ್ಟುಹೋಯಿತು. ಸೌದೆ ಒಟ್ಟಿಲಿನ ಹಿಂದಿನಿಂದ ಅದನ್ನು ತಂದುಕೊಟ್ಟೆವು. ಸಾಹೇಬರು ಅದನ್ನು ಬೆಂಕಿಗೆ ಹಾಕಿ ಕೆಂಪಗೆ ಕಾಯಿಸಿ, ನೆಲಕ್ಕೆ ಕುಟ್ಟಿ, ವರ್ಷಗಟ್ಟಲೆ ಹಿಡಿದಿದ್ದ ಕರಿಯನ್ನೆಲ್ಲ ಉದುರಿಸಿ, ಸೈಲೆನ್ಸರಿಗೆ ತೂರಿಸಿ ನಟ್ಟು ಬಿಗಿದರು. ಒಂದೇ ಒದೆತಕ್ಕೆ ಗಾಡಿ ಎದ್ದಿತು. ಅವರು ಸೈಲೆನ್ಸರಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ಕೇಳುತ್ತ ಕೂತರು. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು, ‘ಐದು ರೂಪಾಯಿ ಕೊಡಿ’ ಎಂದರು.